ಸದಾಶಿವನ ತಕರಾರು

ಆ ದಿನ ನಾವಿಬ್ಬರೂ ಜಗಳವಾಡಿದ್ದು ಒಂದು ಸೀಟ್ ಪಿಲ್ಲರಿನ ವಿಷಯಕ್ಕೆ. ಸೈಕಲಿನ ಸೀಟಿನಿಂದ ಫ್ರೇಮಿನೊಳಗೆ ಇಳಿದಿರುತ್ತದಲ್ಲ, ಆ ಕಂಬ. ನಮ್ಮ ಕೈಯಲ್ಲಿದ್ದ ಹಳೇ ಗೇರ್ ಸೈಕಲಿನದು ಅಲ್ಯೂಮಿನಿಯಂ ಕಂಬ, ಉಕ್ಕಿನ ಫ್ರೇಮು. ಎಸ್ಟೇಟಿನ ಗೋಡೌನಿನಲ್ಲಿ ಎಷ್ಟೋ ಮಳೆಗಾಲ ಕಳೆದು ಎರಡೂ ಒಂದಕ್ಕೊಂದು ಕಚ್ಚಿಕೊಂಡುಬಿಟ್ಟಿದ್ದವು. ನಾನು ತಿರುಗಿಸಿದೆ, ನನ್ನ ತಮ್ಮ ಸದಾಶಿವ ತಿರುಗಿಸಿದ. ಕೊನೆಗೆ ಅವನು ಫ್ರೇಮು ಹಿಡಿದು, ನಾನು ಸೀಟು ಹಿಡಿದು, ಮಕ್ಕಳು ಹಗ್ಗ ಎಳೆದಂತೆ ಎಳೆದೆವು.

"ಅಣ್ಣಯ್ಯ, ನೀನು ಎಳೀತಿದೀಯೋ, ನೇತಾಡ್ತಿದೀಯೋ?"

"ಹಿಡಿಯೋದು ಸರಿಯಾಗಿ ಹಿಡಿ ಮಾರಾಯ. ಮಾತು ಆಮೇಲೆ."

"ಗರಗಸ ತಗಂಡು ಕೊಯ್ದು ಬಿಸಾಕಣ."

"ಕೊಯ್ದರೆ ಮತ್ತೆ ಬರುತ್ತಾ? ಎಣ್ಣೆ ಬಿಟ್ಟಿದೀನಿ. ಕುಡೀಲಿ. ನಾಳೆ ತಾನಾಗೇ ಬರುತ್ತೆ."

"ನಿಂದೆಲ್ಲಾ ನಾಳೆಯೇ" ಎಂದು ಕೈ ಒರೆಸಿಕೊಂಡ. ಹೊರಟವನು ಬಾಗಿಲಲ್ಲಿ ತಿರುಗಿ ಸೈಕಲಿಗೇ ಹೇಳಿದ: "ಕುಡಿ, ಕುಡಿ. ನಾಳೆ ಬಂದು ನೋಡ್ಕೋತೀನಿ ನಿನ್ನ."

ಮರುದಿನ ಬೆಳಿಗ್ಗೆ ಸದಾಶಿವ ತನ್ನ ಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತವನು ಹಾಗೇ ಕುಸಿದ. ಜೀಪಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಸಾವಿನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಓದಿದ್ದು ಏಳನೇ ಕ್ಲಾಸು. ಕೆಲಸದ ಬಗ್ಗೆ ಕೇಳಿದರೆ ಬರೆಯಬಲ್ಲೆ. ಈಗ ನಮ್ಮ ಕಡೆ ಹೋಮ್‌ಸ್ಟೇಗಳಿಗೆ ಬರುವವರಿಗೆ ಬಾಡಿಗೆ ಸೈಕಲ್ ಕೊಡುವ, ರಿಪೇರಿ ಮಾಡುವ ಹುಡುಗ ಹುಡುಗಿಯರು ಹೊಸದಾಗಿ ಹುಟ್ಟಿಕೊಂಡಿದ್ದಾರೆ. ಸದಾಶಿವನ ಮಗಳು ಚೈತ್ರ ಅವರಲ್ಲೊಬ್ಬಳು. "ದೊಡ್ಡಪ್ಪ, ನೀವು ಮಾತಾಡೋದಂತೂ ಇಲ್ಲ. ಬರೆದಾದ್ರೂ ಕೊಡಿ" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನಮ್ಮ ಸೈಕಲ್ ಶಾಪು ಇತ್ತು. ಮೊದಲು ಅದು ಖಾದರ್ ಸಾಹೇಬರದು. ಅಪ್ಪ ಎಸ್ಟೇಟ್ ಕೂಲಿ. ನಮ್ಮಿಬ್ಬರನ್ನೂ ಒಂದೇ ದಿನ ತಂದು ಸಾಹೇಬರ ಮುಂದೆ ನಿಲ್ಲಿಸಿದ. ಸಾಹೇಬರು ಒಂದು ಗಳಿಗೆ ನೋಡಿ ತೀರ್ಪು ಕೊಟ್ಟರು. ನನಗೆ: "ನೀನು ಮೂಗ. ಕೂತ್ಕೊಂಡು ಕೆಲಸ ಮಾಡು." ತಮ್ಮನಿಗೆ: "ನೀನು ಬಾಯಿಬಡುಕ. ಓಡ್ಸು."

ಅದು ತಮಾಷೆಗೆ ಹೇಳಿದ್ದಲ್ಲ. ಸಾಹೇಬರ ಶಾಪಿನಲ್ಲಿ ಒಂದು ಕಟ್ಟಳೆ ಇತ್ತು. ರಿಪೇರಿ ಮಾಡಿದವನು ಆ ಸೈಕಲನ್ನು ಟ್ರಯಲ್ ನೋಡುವಂತಿಲ್ಲ. ಟ್ರಯಲ್ ನೋಡುವವನು ಪಾನಾ ಮುಟ್ಟುವಂತಿಲ್ಲ. ನಾನೊಮ್ಮೆ ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದರು: "ತನ್ನ ಕೈ ಮಾಡಿದ ತಪ್ಪು ತನ್ನ ಕಿವಿಗೆ ಕೇಳಲ್ಲ ಕಣೋ. ಹೆತ್ತೋರಿಗೆ ಹೆಗ್ಗಣ ಮುದ್ದು."

ಇನ್ನೊಂದು ಕಟ್ಟಳೆ ಇದಕ್ಕಿಂತ ಕಷ್ಟದ್ದು. ಟ್ರಯಲ್ ಹೋಗಿ ಬಂದವನು ಒಂದಾದರೂ ತಕರಾರು ಹೇಳಬೇಕು. ಚೆನ್ನಾಗಿದೆ ಎಂದರೆ ಸಾಹೇಬರು ಒಪ್ಪುತ್ತಿರಲಿಲ್ಲ. ಸರಿಯಾಗಿ ನೋಡಿಲ್ಲ, ಮತ್ತೆ ಹೋಗು ಎಂದು ಅಟ್ಟುತ್ತಿದ್ದರು. ತಕರಾರು ಬಂದು, ನಾನು ಅದನ್ನು ಸರಿಮಾಡಿದ ಮೇಲೆಯೇ ಎಲ್ಲರಿಗೂ ಟೀ. ಕಾಫಿ ಸೀಮೆಯಲ್ಲಿದ್ದರೂ ಸಾಹೇಬರಿಗೆ ಟೀಯೇ ಆಗಬೇಕಿತ್ತು. ಸಾಹೇಬರು ಹೋದ ಮೇಲೆ ಶಾಪು ನಮ್ಮ ಕೈಗೆ ಬಂತು. ಕಟ್ಟಳೆಗಳೂ ಬಂದವು.

ಸದಾಶಿವ ಆ ಕೆಲಸಕ್ಕೇ ಹುಟ್ಟಿದವನು. ಊರಾಚೆಯ ಇಳಿಜಾರಿನಲ್ಲಿ ಹಾರಿಸಿಕೊಂಡು ಹೋಗಿ, ಏರಿನಲ್ಲಿ ನಿಂತು ತುಳಿದುಕೊಂಡು ಬಂದು, ಸೈಕಲಿನಿಂದ ಇಳಿಯುವ ಮೊದಲೇ ಕೂಗುತ್ತಿದ್ದ: "ಅಣ್ಣಯ್ಯ, ಮುಂದಿನ ಬೇರಿಂಗಲ್ಲಿ ಒಂದು ಗುಂಡು ಅಳ್ತಿದೆ." ಬಿಚ್ಚಿ ನೋಡಿದರೆ ಒಂದು ಗುಂಡು ಸವೆದಿರುತ್ತಿತ್ತು. ಹಾಲಿನ ಗೋವಿಂದಣ್ಣನ ಸೈಕಲಿನಲ್ಲಿ ಎಡ ಪೆಡಲ್ ಮತ್ತೆ ಮತ್ತೆ ಸಡಿಲವಾಗುತ್ತಿತ್ತು. ನಾನು ಎಷ್ಟು ಸಲ ಬಿಗಿ ಮಾಡಿದರೂ ಅಷ್ಟೇ. ಸದಾಶಿವ ಟ್ರಯಲ್ ಹೋಗಿ ಬಂದು ಹೇಳಿದ: "ಸೈಕಲ್ ಸರಿ ಇದೆ. ತಕರಾರು ಗೋವಿಂದಣ್ಣಂದು. ಕ್ಯಾನು ಎಡಗಡೆ ನೇತಾಕಿ ಎಡಕ್ಕೇ ವಾಲ್ತಾನೆ."

"ಏಯ್, ನಾನೇನು ರಿಪೇರಿಗೆ ಬಂದಿದೀನೇನೋ?" ಎಂದು ಗೋವಿಂದಣ್ಣನಿಗೆ ಸಿಟ್ಟು ಬಂತು.

"ಬಂದಿದ್ರೆ ಗ್ರೀಸ್ ಹಾಕಿ ಕೊಡ್ತಿದ್ವಿ. ಕ್ಯಾನು ಬಲಗಡೆ ಹಾಕಿ ನೋಡು, ಮಾರಾಯ."

ಮುಂದೆ ಪೆಡಲಿಗಾಗಿ ಅವನು ಬರಲಿಲ್ಲ. ಒಂದು ಗಿರಾಕಿ ಕಳಕೊಂಡ್ವಿ ಎಂದು ಸದಾಶಿವ ಆಮೇಲೆ ಹಲುಬಿದ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನನಗೆ ಇಳಿಜಾರು ಎಂದರೆ ಭಯ. ಚಿಕ್ಕಂದಿನಲ್ಲಿ ಸೈಕಲಿನಿಂದ ಬಿದ್ದು ಮಂಡಿ ಒಡೆದುಕೊಂಡೆ, ಅಲ್ಲಿಂದ ಮುಂದೆ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗುವವನು ನಾನು. ಸೈಕಲ್ ಶಾಪಿನ ಯಜಮಾನ ಸೈಕಲನ್ನು ಎಮ್ಮೆಯಂತೆ ಹಿಡಿದುಕೊಂಡು ಹೋಗುವುದನ್ನು ಮೂಡಿಗೆರೆಯಲ್ಲಿ ನೋಡದವರಿಲ್ಲ.

ಈಗ ಆ ಗೇರ್ ಸೈಕಲಿನ ಕಥೆ.

ನಮಗಿನ್ನೂ ಮದುವೆಯಾಗದ ಕಾಲ. ಕಳಸದ ದಾರಿಯ ಒಂದು ಎಸ್ಟೇಟಿಗೆ ಮ್ಯಾನೇಜರ್ ಆಗಿ ಬಂದವರು ಹೊರದೇಶದಿಂದ ಒಂದು ಸೈಕಲ್ ತಂದಿದ್ದರು. ಒಂದು ದಿನ ಎಸ್ಟೇಟಿನ ಜೀಪಿನಲ್ಲಿ ಅದು ನಮ್ಮ ಶಾಪಿನ ಮುಂದೆ ಇಳಿಯಿತು. ಕಡುನೀಲಿ ಬಣ್ಣ. ಗದ್ದೆಗೆ ಇಳಿಸಬಹುದಾದಷ್ಟು ದಪ್ಪ ಟೈರು. ನೇರ ಹ್ಯಾಂಡಲ್ಲು, ಅದರ ಮೇಲೆ ಹೆಬ್ಬೆರಳಿನಿಂದ ತಳ್ಳುವ ಗೇರಿನ ಕಡ್ಡಿ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಒಂದು ಗೊಂಚಲು. ಬೆಟ್ಟ ಹತ್ತುವುದಕ್ಕೆಂದೇ ಮಾಡಿದ ಸೈಕಲಂತೆ. ಬಸ್ ಸ್ಟ್ಯಾಂಡಿನ ಜನವೆಲ್ಲ ಬಸ್ಸು ಬಿಟ್ಟು ಇಲ್ಲಿ ಸೇರಿತು.

ಹಿಂದಿನ ಚಕ್ರದ ಕಡ್ಡಿಗಳು ಮುರಿದಿದ್ದವು. ನಾನು ಚಕ್ರ ಬಿಚ್ಚಿ ಪೂರ್ತಿ ಹೊಸ ಕಡ್ಡಿ ಹಾಕಿದೆ. ಸಾದಾ ಸೈಕಲಿನ ಅಭ್ಯಾಸದ ಕೈ. ಎರಡೂ ಕಡೆಯ ಕಡ್ಡಿಗಳನ್ನು ಸಮನಾಗಿ ಎಳೆದೆ. ತಿರುಗಿಸಿ ನೋಡಿದರೆ ಒಂದು ಎಳ್ಳಷ್ಟೂ ಬೆಂಡಿಲ್ಲ. ಹೆಮ್ಮೆಯೇ ಹೆಮ್ಮೆ. ಫ್ರೇಮಿಗೆ ಕೂರಿಸಿದಾಗ ಎಡಗಡೆಯ ಬ್ರೇಕ್ ರಬ್ಬರಿಗೆ ರಿಮ್ಮು ತಾಗಿತು. ಬ್ರೇಕು ಸರಿಯಿಲ್ಲ ಎಂದುಕೊಂಡು ಬ್ರೇಕನ್ನೇ ಸರಿಸಿ ಹೊಂದಿಸಿದೆ!

ಸದಾಶಿವ ಟ್ರಯಲ್ ಹೋಗಿ ಬಂದ. ಇಳಿಯದೆ ಕೂಗಿದ: "ಅಣ್ಣಯ್ಯ, ಮುಂದಿನ ಚಕ್ರ ಕಳಸಕ್ಕೆ ಹೋಗ್ತಿದೆ. ಹಿಂದಿಂದು ಚಿಕ್ಕಮಗಳೂರಿಗೆ ಹೋಗ್ತಿದೆ."

ಜನ ಬಿದ್ದು ಬಿದ್ದು ನಕ್ಕರು. ಸಾಹೇಬರು ಎದ್ದು ಬಂದು ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಬಲಗಡೆ ಆ ಹಲ್ಲುಚಕ್ರಗಳ ಗೊಂಚಲು ಜಾಗ ತಿನ್ನುತ್ತದೆ. ರಿಮ್ಮು ಫ್ರೇಮಿನ ನಡುವೆ ನಿಲ್ಲಬೇಕಾದರೆ ಬಲಗಡೆಯ ಕಡ್ಡಿಗಳನ್ನು ಹೆಚ್ಚು ಬಿಗಿ ಮಾಡಿ ಆ ಕಡೆಗೆ ಎಳೆದುಕೊಳ್ಳಬೇಕು. ಸಾಹೇಬರಿಗೂ ಅದು ಹೊಸದು. ನಾವು ಗುರು ಶಿಷ್ಯರು ಸಂಜೆಯವರೆಗೆ ಕಾಲು ಕಾಲು ಸುತ್ತು ತಿರುಗಿಸುತ್ತ ಕೂತೆವು. ಹೊಸ ಹುಡುಗರಿಗೆ ಇದು ಮೊದಲ ದಿನದ ಪಾಠವಂತೆ. ನಮಗೆ ಹೇಳಿಕೊಡುವವರು ಯಾರಿದ್ದರು? ಸೈಕಲ್ಲೇ ಹೇಳಬೇಕಿತ್ತು, ಅದರ ಮಾತು ಸದಾಶಿವನಿಗೆ ಮಾತ್ರ ಅರ್ಥವಾಗುತ್ತಿತ್ತು.

ಸೈಕಲನ್ನು ಬಂಗಲೆಗೆ ಮುಟ್ಟಿಸಿ ಬರಲು ಮಾರನೆಯ ದಿನ ಅವನೇ ಓಡಿಸಿಕೊಂಡು ಹೋದ. ಬಂಗಲೆ ಗುಡ್ಡದ ತಲೆಯ ಮೇಲಿತ್ತು. ಮ್ಯಾನೇಜರು ಒಳ್ಳೆಯವರು, "ಕೆಳಗಿನ ಗೇಟಿನವರೆಗೆ ಒಂದು ಸಲ ಬಿಟ್ಟು ನೋಡು" ಎಂದರಂತೆ. ಗುಡ್ಡದ ತಲೆಯಿಂದ ಡಾಂಬರು ರಸ್ತೆಯ ಗೇಟಿನವರೆಗೆ ಮಣ್ಣಿನ ದಾರಿ, ಕಾಫಿ ಗಿಡಗಳ ನಡುವೆ ತಿರುವು ಮೇಲೆ ತಿರುವು. ಅದರಲ್ಲಿ ಅವನು ಇಳಿದ. ಮತ್ತೆ ಹತ್ತಿಸಿ, ಕೊಟ್ಟು, ಬಸ್ಸು ಹತ್ತಿ ಬಂದ. ಮುಖ ನೋಡಿದರೆ ದೇವರು ಮೈಮೇಲೆ ಬಂದವನ ಹಾಗಿದ್ದ.

"ಏನೋ ತಕರಾರು?" ಎಂದರು ಸಾಹೇಬರು.

"ಒಂದೇ ತಕರಾರು ಸಾಹೇಬ್ರೆ. ಅದು ನಮ್ದಲ್ಲ" ಎಂದ.

ಸಾಹೇಬರು ಆ ತಕರಾರನ್ನು ಒಪ್ಪಿಕೊಂಡು ಟೀ ಹೇಳಿದರು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಮೊಪೆಡ್ ಬಂತು, ಬೈಕು ಬಂತು. ಎಸ್ಟೇಟಿನ ರೈಟರು, ಮೇಸ್ತ್ರಿ, ಪೋಸ್ಟ್‌ಮ್ಯಾನು ಎಲ್ಲ ಸೈಕಲ್ ಬಿಟ್ಟರು. ಓವರಾಯಿಲಿಂಗ್ ಎಂಬ ಮಾತೇ ಹೋಯಿತು. ಮೊದಲು ಮಳೆಗಾಲ ಮುಗಿದ ಕೂಡಲೇ ಊರಿನ ಸೈಕಲ್ಲೆಲ್ಲ ನಮ್ಮ ಶಾಪಿನಲ್ಲಿ ಮೂಳೆ ಮೂಳೆಯಾಗಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ಕೊನೆಕೊನೆಗೆ ಬರೀ ಮಕ್ಕಳ ಸೈಕಲ್, ಪಂಕ್ಚರ್. ಒಂದು ದಿನ ಶಾಪು ಬಿಟ್ಟುಕೊಟ್ಟು, ವೈಸು, ಪಾನಾ, ಕಡ್ಡಿಯ ಡಬ್ಬ ತಂದು ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಇಟ್ಟೆ.

ಹೋದ ಸುಗ್ಗಿ ಮುಗಿಯುವ ಹೊತ್ತಿಗೆ ಆ ಎಸ್ಟೇಟಿನ ಮೇಸ್ತ್ರಿ ಸಂತೆಯಲ್ಲಿ ಸಿಕ್ಕಿ, "ಹಳೇ ಗೋಡೌನು ಕೆಡವ್ತಿದಾರೆ. ಅಟ್ಟದ ಮೇಲೆ ನಿಮ್ಮ ಹಳೇ ಗೇರ್ ಸೈಕಲ್ ಸಿಕ್ಕಿತು. ಗುಜರಿಗೆ ಹಾಕ್ತಾರೆ" ಎಂದ. ಸದಾಶಿವ ತರಕಾರಿ ಚೀಲವನ್ನು ನನ್ನ ಕೈಗೆ ತುರುಕಿ ಅಲ್ಲಿಂದಲೇ ಜೀಪು ಹತ್ತಿದ. ಮಧ್ಯಾಹ್ನ ಹೊತ್ತುಕೊಂಡು ಬಂದ. ಟೈರು ಒಣಗಿ ಉದುರುತ್ತಿತ್ತು, ಚೈನು ತುಕ್ಕಿನ ಕೋಲಾಗಿತ್ತು, ಸೀಟನ್ನು ಇಲಿ ತಿಂದಿತ್ತು. ಅವನ ಮುಖ ಮಾತ್ರ ಅವತ್ತಿನ ಮುಖವೇ.

"ಅಣ್ಣಯ್ಯ, ಆ ಹಳೇ ತಕರಾರು ಇವತ್ತಿಗೆ ತೀರಿತು. ನಮ್ದೇ ಈಗ. ಮಾಡು ಇದನ್ನ. ಅದೇ ದಾರೀಲಿ ಒಂದು ಸಲ ಇಳಿದು ಬಂದು ಹೊಸ ತಕರಾರು ಹೇಳ್ತೀನಿ."

ಬಿಚ್ಚುವ ಕೆಲಸ ಶುರುವಾಯಿತು. ಸೀಟ್ ಪಿಲ್ಲರ್ ಬರಲಿಲ್ಲ. ಆಮೇಲಿನದು ಮೊದಲೇ ಹೇಳಿದ್ದೇನೆ.

ಕರ್ಮಾಂತರವೆಲ್ಲ ಮುಗಿದ ಮೇಲೂ ನಾನು ಕೊಟ್ಟಿಗೆಯ ಬಾಗಿಲು ತೆಗೆಯಲಿಲ್ಲ. ಒಂದು ಬೆಳಿಗ್ಗೆ ಚೈತ್ರ ಬಂದು ನೇರ ಬಾಗಿಲ ಚಿಲಕಕ್ಕೇ ಕೈ ಹಾಕಿದಳು.

"ದೊಡ್ಡಪ್ಪ, ಎಣ್ಣೆ ಕುಡೀಲಿ ಅಂತ ಬಿಟ್ಟಿದ್ರಂತಲ್ಲ. ಎಷ್ಟು ಕುಡಿಯುತ್ತೆ ಅದು? ಬನ್ನಿ."

ಸೀಟು ಕಳಚಿ, ಸೈಕಲನ್ನು ತಲೆಕೆಳಗು ಮಾಡಿ, ಕಂಬದ ತಲೆಯನ್ನು ವೈಸಿನ ದವಡೆಯಲ್ಲಿ ಕಚ್ಚಿಸಿದೆವು. ಕಂಬವನ್ನು ತಿರುಗಿಸುವ ಬದಲು ಫ್ರೇಮನ್ನೇ ತಿರುಗಿಸುವುದು. ಫ್ರೇಮು ಉದ್ದದ ಪಾನಾದಂತೆ ಕೆಲಸ ಮಾಡುತ್ತದೆ. ಫ್ರೇಮಿನ ಮೇಲೆ ಕುದಿಯುವ ನೀರು ಸುರಿದೆ. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಏನೂ ಆಗಲಿಲ್ಲ. ಮತ್ತೆ ನೀರು, ಮತ್ತೆ ಎಣ್ಣೆ. ಮತ್ತೆ ತಳ್ಳಿದೆವು. ಒಮ್ಮೆಲೇ ಫ್ರೇಮು ಹಂದಿ ಕಿರುಚಿದಂತೆ ಕಿರುಚಿತು.

"ಬಂತು ದೊಡ್ಡಪ್ಪ! ಬಂತು!"

"ತಿರುಗ್ಸು, ತಿರುಗ್ಸು, ನಿಲ್ಲಿಸ್ಬೇಡ!" ನಾನು ಕೂಗುತ್ತಿದ್ದೆ. ಕೊಟ್ಟಿಗೆಯಿಂದ ನನ್ನ ಕೂಗು ಕೇಳಿ ಮನೆಯವಳು ಏನಾಯಿತೋ ಎಂದು ಓಡಿ ಬಂದಳು. ತಿರುಗಿಸುತ್ತ, ಎಳೆಯುತ್ತ, ಬಿಳಿ ಬೂದಿ ಉದುರಿಸುತ್ತ ಕಂಬ ಪೂರ್ತಿ ಹೊರಗೆ ಬಂದಾಗ ನಾವು ಮೂವರೂ ಕುಣಿಯುವುದೊಂದು ಬಾಕಿ. ಹಾಗೆ ಸಂತೋಷಪಟ್ಟಿದ್ದಕ್ಕೆ ಮರುಕ್ಷಣ ನಾಚಿಕೆಯಾಯಿತು. ಆದರೆ ಪಟ್ಟಿದ್ದು ಸುಳ್ಳಲ್ಲ.

ಅಲ್ಲಿಂದ ಕೆಲಸಕ್ಕೆ ಕೈ ಕಾಲು ಬಂತು. ಪೆಡಲಿನ ಇರುಸು ಬಿಚ್ಚಿದರೆ ಒಳಗಿನ ಗ್ರೀಸು ಹಳೇ ಬೆಲ್ಲದಂತೆ ಗಟ್ಟಿಯಾಗಿತ್ತು. ಅದರ ಅಡಿಯಲ್ಲಿ ಗುಂಡುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಗೇರಿನ ಹೆಬ್ಬೆರಳು ಕಡ್ಡಿ ಅಲುಗುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಂದು ಹನಿ ಎಣ್ಣೆ ಬಿಟ್ಟು ತಳ್ಳಿದೆ. ಟಕ್! ಆ ಸದ್ದು ಕೇಳಬೇಕಿತ್ತು ನೀವು. ಇನ್ನೊಮ್ಮೆ ಟಕ್. ಚೈತ್ರ ನನ್ನ ಕೈಯಿಂದ ಕಿತ್ತುಕೊಂಡು ತಾನೂ ಟಕ್ ಟಕ್ ಎನಿಸಿದಳು. ಹ್ಯಾಂಡಲಿನ ಕೆಳಗೆ ಫ್ರೇಮಿಗೆ ಸುತ್ತಿದ್ದ ಟೇಪು ತೆಗೆದಾಗ ಅಡಿಯಲ್ಲಿ ಅದೇ ಕಡುನೀಲಿ, ನಿನ್ನೆ ಬಳಿದಂತೆ. ಬೇರೆ ಬಣ್ಣ ಹಚ್ಚುವುದು ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ತುಕ್ಕು ತಿಕ್ಕಿ, ಮೇಣ ಉಜ್ಜಿದೆವು.

ಟೈರು, ಚೈನು, ಸೀಟು, ಹಿಂದಿನ ಗೊಂಚಲು ಹೊಸದಾಗಿ ತರಿಸಿದವಳು ಚೈತ್ರ. ಬ್ರೇಕು ಅವಳೇ ಹೊಂದಿಸಿದಳು. ಎರಡು ತೋಳುಗಳ ನಡುವೆ ತಂತಿ ಕಟ್ಟುವ ಆ ಬಗೆಯ ಬ್ರೇಕನ್ನು ನಾನು ಆ ಒಂದು ಸೈಕಲಿನಲ್ಲಿ ಮಾತ್ರ ನೋಡಿದ್ದೆ. ಅವಳು ಫೋನಿನಲ್ಲಿ ನೋಡಿ ಕಲಿತಿದ್ದಳು. ಹಿಂದಿನ ಚಕ್ರ ನಾನು ಕಟ್ಟಿದೆ. ಬಲಗಡೆ ಬಿಗಿ, ಎಡಗಡೆ ಸಡಿಲ. ಈ ಸಲ ಎರಡು ಚಕ್ರವೂ ಒಂದೇ ಊರಿಗೆ ಹೋಗಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಸೈಕಲ್ ಎದ್ದು ನಿಂತ ದಿನ ಚೈತ್ರ ಹೆಲ್ಮೆಟ್ ಹಾಕಿಕೊಂಡೇ ಬಂದಳು. "ನಡೀರಿ, ಎಸ್ಟೇಟಿಗೆ. ಅಪ್ಪ ಹೇಳಿದ ದಾರೀಲಿ ಇಳಿದು ಬರ್ತೀನಿ."

"ಟ್ರಯಲ್ ಆಗಿಲ್ಲ" ಎಂದೆ.

"ನಾನೇ ಟ್ರಯಲ್."

"ಬ್ರೇಕು ಕಟ್ಟಿದ್ದು ನೀನು. ಮಾಡಿದವರು ಓಡಿಸಬಾರದು."

"ಹಂಗಾದ್ರೆ ನೀವೂ ಇಲ್ಲ, ನಾನೂ ಇಲ್ಲ. ಇನ್ಯಾರು ದೊಡ್ಡಪ್ಪ?"

ಅವಳ ಜೊತೆ ಕೆಲಸ ಮಾಡುವವನೊಬ್ಬ ಹೊರಗೆ ನಿಂತಿದ್ದ. ಅಂಗಳದಲ್ಲಿ ಒಂದು ಸುತ್ತು ಹೊಡೆದು "ಸೂಪರ್ ಅಂಕಲ್!" ಎಂದ. ಸೂಪರ್ ಎಂಬುದು ತಕರಾರಲ್ಲ.

ಬಾಡಿಗೆಗೆ ಕೊಡುವ ಬೇರೆ ಸೈಕಲುಗಳನ್ನು ಅವಳು ದಿನಾ ಓಡಿಸುತ್ತಾಳೆ, ನನಗೆ ಗೊತ್ತು. ಇದು ಹಾಗಲ್ಲ. ಎಷ್ಟೋ ವರ್ಷ ಗೋಡೌನಿನಲ್ಲಿದ್ದ ಉಕ್ಕು, ವಯಸ್ಸಾದ ನನ್ನ ಕೈ ಕಟ್ಟಿದ ಚಕ್ರ, ತಿರುವು ತಿರುವಿನ ಇಳಿಜಾರು, ಮೇಲೆ ಕೂತವಳು ನನ್ನ ತಮ್ಮನ ಮಗಳು. ಅವಳ ಮನೆಯಲ್ಲಿ ಒಂದು ಫೋಟೋಗೆ ಹಾರ ಹಾಕಿ ಇನ್ನೂ ಮಳೆಗಾಲ ಬಂದಿಲ್ಲ. ಏನಾದರೂ ಸಡಿಲವಿದ್ದರೆ?

ಜೀಪಿನಲ್ಲಿ ಸೈಕಲ್ ಹಾಕಿಕೊಂಡು ಹೋದೆವು. ಹೂ ಮಳೆ ಬಿದ್ದು ಕಾಫಿ ಹೂ ಅರಳಿದ್ದ ದಿನ. ಗುಡ್ಡದ ತಲೆಯಲ್ಲಿ ಸೈಕಲ್ ಇಳಿಸಿದರು. ಚೈತ್ರ ಹ್ಯಾಂಡಲ್ ಹಿಡಿಯಲು ಬಂದಳು. ನಾನು ಬಿಡಲಿಲ್ಲ.

"ಹೆಲ್ಮೆಟ್ ಕೊಡು" ಎಂದೆ.

"ದೊಡ್ಡಪ್ಪ, ನೀವಾ? ಇಳಿಜಾರಲ್ಲಿ ತಳ್ಕೊಂಡು ಹೋಗೋರು!"

"ಕಟ್ಟಳೆ ಮುರಿಯೋದಾದ್ರೆ ನಾನು ಮುರೀತೀನಿ. ನೀನು ಜೀಪಲ್ಲಿ ಹೋಗಿ ಕೆಳಗಿನ ಗೇಟಲ್ಲಿ ನಿಲ್ಲು."

ಜೀಪು ಹೋಯಿತು. ಅದು ಕೆಳಗೆ ಮುಟ್ಟಿ ಹಾರನ್ ಹೊಡೆಯುವವರೆಗೆ ಕಾದೆ. ಆಮೇಲೆ ಕಾಲು ಎತ್ತಿದೆ.

ಮೊದಲ ತಿರುವಿನವರೆಗೆ ಬ್ರೇಕು ಹಿಡಿದುಕೊಂಡೇ ಇದ್ದೆ. ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಚೈತ್ರ ಒಳ್ಳೆಯ ಕೆಲಸಗಾರ್ತಿ. ಎರಡನೇ ತಿರುವಿನಲ್ಲಿ ಸ್ವಲ್ಪ ಬಿಟ್ಟೆ. ದಪ್ಪ ಟೈರು ಮಣ್ಣು ಕಚ್ಚಿ ತಿರುಗಿತು. ಆಮೇಲೆ ಏನಾಯಿತೋ, ಇನ್ನೂ ಬಿಟ್ಟೆ. ಕಲ್ಲು, ಬೇರು, ತರಗೆಲೆ, ಎರಡೂ ಕಡೆ ಬೆಳ್ಳಗೆ ಹೂವಿನ ಸಾಲು ಓಡುತ್ತಿತ್ತು. ಒಂದು ತಿರುವಿನಲ್ಲಿ ಗಿಡಗಳ ಬುಡ ಕೆತ್ತುತ್ತಿದ್ದ ಹೆಂಗಸರು ಎದ್ದು ನಿಂತು "ಅಯ್ಯಯ್ಯೋ, ಅಜ್ಜ!" ಎಂದು ಕೂಗಿದರು. ಗೇರು ತಳ್ಳಿದೆ. ಟಕ್. ನನ್ನ ಬಾಯಿಂದ ಒಂದು ಕೂಗು ಹೊರಟಿತು. ನಾನು ನಗುತ್ತಿದ್ದೆ. ಇಷ್ಟು ವರ್ಷ ಅವನು ದಿನಾ ಇದನ್ನು ಅನುಭವಿಸಿ ಬಂದು, ಏನೂ ಆಗದವನ ಹಾಗೆ ಬೇರಿಂಗಿನ ಮಾತಾಡುತ್ತಿದ್ದನಲ್ಲ ಎಂದು ಹೊಟ್ಟೆಕಿಚ್ಚಾಯಿತು. ಕಟ್ಟಕಡೆಯ ತಿರುವಿನಲ್ಲಿ ಗೇಟು ಕಂಡಿತು, ಜೀಪು ಕಂಡಿತು, ಬ್ರೇಕು ಹಿಡಿದೆ. ಸೈಕಲ್ ಹೇಳಿದ ಜಾಗದಲ್ಲಿ ನಿಂತಿತು.

ಚೈತ್ರ ಓಡಿ ಬಂದಳು. ಅವಳ ಕೈಯಲ್ಲಿ ಟೀ ಫ್ಲಾಸ್ಕು ಇತ್ತು. ಶಾಪಿನ ಕಥೆಗಳನ್ನೆಲ್ಲ ಅಪ್ಪನಿಂದ ಕೇಳಿ ಬೆಳೆದವಳು. ನಾನು ಇಳಿಯುವ ಮೊದಲೇ ಕೇಳಿದಳು: "ಏನು ತಕರಾರು, ದೊಡ್ಡಪ್ಪ?"

ನೆನಪು ಮಾಡಿಕೊಂಡೆ. ಬೇರಿಂಗು, ಚೈನು, ಕಡ್ಡಿ, ಇರುಸು. ಇಳಿದು ಬರುವಾಗ ನನ್ನ ಕಿವಿಗೆ ಗಾಳಿಯ ಸದ್ದು, ನನ್ನದೇ ಕೂಗು ಬಿಟ್ಟು ಬೇರೇನೂ ಕೇಳಿರಲಿಲ್ಲ.

"ಏನೂ ಇಲ್ಲ" ಎಂದೆ.

ಅವಳು ಫ್ಲಾಸ್ಕನ್ನು ಮುಚ್ಚಳ ತೆಗೆಯದೆ ಹಾಗೇ ಜೀಪಿನ ಸೀಟಿನ ಮೇಲೆ ಇಟ್ಟಳು.

ಸೈಕಲ್ ಈಗ ಕೊಟ್ಟಿಗೆಯಲ್ಲಿದೆ. ಚೈತ್ರ ಅದರಲ್ಲಿ ಹೊರನಾಡಿಗೆ ಹೋಗಿ ಬಂದಳು, ಚೆನ್ನಾಗಿದೆ ಎನ್ನುತ್ತಾಳೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅದರಲ್ಲಿ ಏನೋ ಒಂದು ತಪ್ಪು ಇದ್ದೇ ಇರುತ್ತದೆ. ಅದನ್ನು ಹೇಳುವವನು ಇಲ್ಲ.